ಕಿವಿ ಚೆನ್ನಾಗಿದೆ, ಆದ್ರೂ ಮಾತು ಕಲಸಿಹೋಗುತ್ತೆ!

ಕಂಪ್ಲಿ ಬಸ್ ಸ್ಟ್ಯಾಂಡು. ಹಾರ್ನು, ಮೈಕು, "ಗಂಗಾವತಿ, ಗಂಗಾವತಿ" ಅನ್ನೋ ಕಂಡಕ್ಟರ್. ಅವ್ವ ಕರೆದರೂ ಮಗ ತಿರುಗಲ್ಲ. ಬೇಳೆ ಅಂದ್ರೆ ಬಾಳೆ ತರ್ತಾನೆ. ಹಠ ಅಂತ ಬೈಬೇಡ್ರಿ!

ಕೆಲವು ಮಕ್ಕಳ ಕಿವಿ ಪರೀಕ್ಷೆ ನಾರ್ಮಲ್ ಬರುತ್ತೆ. ಆದ್ರೆ ಗದ್ದಲದಿಂದ ಮಾತು ಬೇರ್ಪಡಿಸೋದು, ಒಂದೇ ತರ ಕೇಳೋ ಶಬ್ದಗಳ ವ್ಯತ್ಯಾಸ ಗುರುತಿಸೋದು ಮಿದುಳಿಗೆ ಕಷ್ಟ. ಇದಕ್ಕೆ ಶ್ರವಣ ಸಂಸ್ಕರಣ ತೊಂದರೆ ಅಂತಾರೆ.

ಮನೇಲಿ ಟಿವಿ ಆರಿಸಿ, ಎದುರು ನಿಂತು, ಒಂದು ಸಲಕ್ಕೆ ಒಂದೇ ಕೆಲಸ ಹೇಳ್ರಿ. ಶಾಲೇಲಿ ಮುಂದಿನ ಬೆಂಚು ಕೇಳ್ರಿ.

ಮೊದಲು ಆಡಿಯಾಲಜಿಸ್ಟ್‌ಗೆ (ಶ್ರವಣ ತಜ್ಞರಿಗೆ) ತೋರಿಸ್ರಿ. ಈ ತೊಂದರೆಯ ವಿಶೇಷ ಪರೀಕ್ಷೆ ಸಾಮಾನ್ಯವಾಗಿ 7 ವರ್ಷ ತುಂಬಿದ ಮೇಲೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡ್ತಾರೆ. ಶಾಲೆಗೆ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಆರೋಗ್ಯ ತಂಡ ಬಂದಾಗಲೂ ಹೇಳ್ರಿ.