ಚಕ್ಕೋತದ ತೊಳೆಯೂ ಬಿ.ಪಿ. ಮಾತ್ರೆಯೂ ಒಂದೇ ಹೊಟ್ಟೆಗೆ ಬಿದ್ದರೆ?

ದೇವನಹಳ್ಳಿ: ಚಕ್ಕೋತ ಎಂದರೆ ದೇವನಹಳ್ಳಿ, ದೇವನಹಳ್ಳಿ ಎಂದರೆ ಚಕ್ಕೋತ. ಈ ಊರಿನ ಹೆಸರಿನಲ್ಲೇ ಹಣ್ಣಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2008ರಲ್ಲಿ ವಿಮಾನ ನಿಲ್ದಾಣ ಬಂತು, ನೆಲದ ಬೆಲೆ ಮುಗಿಲಿಗೇರಿತು, ಎಷ್ಟೋ ತೋಟಗಳು ಸೈಟುಗಳಾದವು. ಆದರೂ ಉಳಿದ ಮರಗಳ ಹಣ್ಣು ಗಾಡಿಗೆ ಬಂದರೆ ಸಾಕು, ಬಸ್ಸಿಗೆ ಕಾಯುವವನ ಬಾಯಲ್ಲಿ ನೀರು. ಸಿಪ್ಪೆ ಸುಲಿದು, ತೊಳೆ ಬಿಡಿಸಿ, ಉಪ್ಪು-ಖಾರ ಉದುರಿಸಿ ಕೊಟ್ಟರೆ ಬೇಡ ಅನ್ನೋರು ಯಾರು?

ಬೇಡ ಅನ್ನಬೇಕಾದವರು ಕೆಲವರು ಇದ್ದಾರೆ. ತೊಂದರೆ ಏನೆಂದರೆ, ಅದು ಅವರಿಗೇ ಗೊತ್ತಿಲ್ಲ!

ಯಾವ ಊರಿನ ಮೆಡಿಕಲ್ ಸ್ಟೋರಿನಲ್ಲಾದರೂ ಇಂಥದೊಂದು ಮಾತುಕತೆ ನಡೆದೀತು:

"ಸ್ವಾಮಿ, ಈ ಮಾತ್ರೆ ಜೊತೆ ದ್ರಾಕ್ಷಿ ತಿನ್ನಬಾರ್ದಂತೆ, ಹೌದಾ?"

"ಯಾರು ಹೇಳಿದ್ದು ಯಜಮಾನ್ರೇ?"

"ನನ್ನ ಮಗ. ಡಬ್ಬಿಯೊಳಗಿನ ಚೀಟೀಲಿ ಗ್ರೇಪ್‌ಫ್ರೂಟ್ ಅಂತ ಬರೆದಿದೆಯಂತೆ. ಅದಕ್ಕೇ ದ್ರಾಕ್ಷಿ ಬಿಟ್ಟೆ. ಈಗ ಬರೀ ಚಕ್ಕೋತ."

ನಗುವ ಮಾತಲ್ಲ ಇದು. ಗ್ರೇಪ್‌ಫ್ರೂಟ್ ಎಂದರೆ ದ್ರಾಕ್ಷಿಯಲ್ಲ. ಅದು ಕಿತ್ತಳೆ ಜಾತಿಯ ದೊಡ್ಡ ಹಣ್ಣು. ಕೊಂಬೆಯಲ್ಲಿ ದ್ರಾಕ್ಷಿಯಂತೆ ಗೊಂಚಲು ಗೊಂಚಲಾಗಿ ಬಿಡುತ್ತದೆಂದು ಆ ಹೆಸರು ಬಂತೆನ್ನುತ್ತಾರೆ. 18ನೇ ಶತಮಾನದಲ್ಲಿ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪದಲ್ಲಿ ಎರಡು ಹಣ್ಣುಗಳು ಬೆರೆತು ಹುಟ್ಟಿದ ತಳಿ ಅದು. ತಂದೆ-ತಾಯಿ ಯಾರು ಗೊತ್ತೆ? ಒಂದು ಸಿಹಿ ಕಿತ್ತಳೆ, ಇನ್ನೊಂದು ನಮ್ಮ ಚಕ್ಕೋತ! ಎಚ್ಚರಿಕೆಯ ಚೀಟಿಯಲ್ಲಿ ಇಲ್ಲಿನ ಸಂತೆಗೆ ಬರದ ಮಗುವಿನ ಹೆಸರಿದೆ. ಹೆತ್ತವಳು ಮಾತ್ರ ನಮ್ಮ ಗಾಡಿಯ ಮೇಲೇ ಕೂತಿದ್ದಾಳೆ. ಯಜಮಾನರು ತಿನ್ನಬಹುದಾದ್ದನ್ನು ಬಿಟ್ಟರು, ಬಿಡಬೇಕಾದ್ದನ್ನು ತಿಂದರು.

ಕೆನಡಾದಲ್ಲಿ ಸಿಕ್ಕ ಗುಟ್ಟು

ಈ ಗುಟ್ಟು ಹೊರಬಿದ್ದದ್ದು ಅಕಸ್ಮಾತ್ತಾಗಿ. 1980ರ ದಶಕದ ಕೊನೆಯಲ್ಲಿ ಕೆನಡಾದ ಲಂಡನ್ ಎಂಬ ಊರಿನಲ್ಲಿ ಡೇವಿಡ್ ಬೈಲಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ಬಿ.ಪಿ. ಮಾತ್ರೆಯನ್ನು ಪರೀಕ್ಷಿಸುತ್ತಿದ್ದರು. ಮಾತ್ರೆಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ಮದ್ಯದ ರುಚಿ ಗೊತ್ತಾಗದಿರಲಿ ಎಂದು ಗ್ರೇಪ್‌ಫ್ರೂಟ್ ರಸ ಬೆರೆಸಿ ಕೊಟ್ಟರು. ರಕ್ತ ಪರೀಕ್ಷಿಸಿದರೆ ಔಷಧದ ಮಟ್ಟ ಲೆಕ್ಕ ಮೀರಿತ್ತು. ಕಳ್ಳ ಯಾರು ಎಂದು ಹುಡುಕಿದಾಗ ಸಿಕ್ಕಿಬಿದ್ದದ್ದು ಮದ್ಯವಲ್ಲ, ಹಣ್ಣಿನ ರಸ! 1991ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವಿಷಯ ಅಚ್ಚಾಯಿತು. ನೀರಿನಲ್ಲಿ ನುಂಗಿದಾಗ ಇರುವುದಕ್ಕಿಂತ ರಸದ ಜೊತೆ ನುಂಗಿದಾಗ ಔಷಧ ಸರಾಸರಿ ಮೂರುಪಟ್ಟಿನ ಹತ್ತಿರ ಏರಿತ್ತು.

ಸುಂಕದ ಕಟ್ಟೆಯ ಲೆಕ್ಕ

ಹೀಗೇಕೆ? ವ್ಯಾಪಾರಸ್ಥರಿಗೆ ತಿಳಿಯುವ ಭಾಷೆಯಲ್ಲೇ ಹೇಳಬಹುದು. ನಾವು ನುಂಗಿದ ಮಾತ್ರೆಯೆಲ್ಲ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಗೋಡೆಯಲ್ಲಿ ಒಂದು ಸುಂಕದ ಕಟ್ಟೆ ಇದೆ. ಅಲ್ಲಿ ಕೂತ ಕಿಣ್ವವೊಂದು ಒಳಬರುವ ಔಷಧದಲ್ಲಿ ದೊಡ್ಡ ಪಾಲು ಮುರಿದುಕೊಳ್ಳುತ್ತದೆ. ಪಿತ್ತಜನಕಾಂಗದಲ್ಲಿ ಇನ್ನಷ್ಟು ಕಳೆಯುತ್ತದೆ. ಫೆಲೋಡಿಪಿನ್ ನೂರು ಪಾಲು ನುಂಗಿದರೆ ರಕ್ತಕ್ಕೆ ದಕ್ಕುವುದು 15 ಪಾಲಿನ ಆಸುಪಾಸು. ಈ ಸೋರಿಕೆಯನ್ನೆಲ್ಲ ಲೆಕ್ಕ ಹಾಕಿಯೇ ಮಾತ್ರೆಯ ಪ್ರಮಾಣ ಗೊತ್ತು ಮಾಡಿರುತ್ತಾರೆ.

ಚಕ್ಕೋತ, ಗ್ರೇಪ್‌ಫ್ರೂಟ್‌ಗಳಲ್ಲಿ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳಿವೆ. ಅವು ಹೋಗಿ ಈ ಸುಂಕದ ಕಟ್ಟೆಗೇ ಬೀಗ ಜಡಿಯುತ್ತವೆ. ಸುಂಕವಿಲ್ಲದೆ ಸರಕೆಲ್ಲ ಒಳಗೆ! ನುಂಗಿದ್ದು ಒಂದೇ ಮಾತ್ರೆ, ಮೈಗೆ ಮಾತ್ರ ಮೂರು ನುಂಗಿದಷ್ಟು.

"ಹಂಗಾದ್ರೆ ಬೆಳಿಗ್ಗೆ ಮಾತ್ರೆ, ಸಂಜೆ ಹಣ್ಣು. ಆಯ್ತಲ್ಲ?" ಎನ್ನುವವರುಂಟು. ಆಗುವುದಿಲ್ಲ. ಕೆಟ್ಟುಹೋದ ಕಿಣ್ವ ರಿಪೇರಿಯಾಗುವುದಿಲ್ಲ, ದೇಹ ಹೊಸದನ್ನೇ ತಯಾರಿಸಬೇಕು. ಅದಕ್ಕೆ ಒಂದರಿಂದ ಮೂರು ದಿನ ಬೇಕು. ಇವತ್ತು ಸಂಜೆ ತಿಂದ ಹಣ್ಣು ನಾಳೆ ಬೆಳಗಿನ ಮಾತ್ರೆಯ ಮೇಲೂ ಕೈ ತೋರಿಸುತ್ತದೆ. ಬೀಗ ಜಡಿಯಲು ಇಡೀ ಗ್ರೇಪ್‌ಫ್ರೂಟ್ ಒಂದು, ಇಲ್ಲವೇ ಒಂದು ಲೋಟ ರಸ ಸಾಕು.

ಯಾರು ಹುಷಾರಾಗಿರಬೇಕು?

ಮೊದಲನೆಯವರು ಕೊಲೆಸ್ಟರಾಲ್ ಮಾತ್ರೆಯವರು. ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರು ದಿನಕ್ಕೊಂದು 200 ಮಿ.ಲೀ. ಲೋಟದಂತೆ ಮೂರು ದಿನ ಗ್ರೇಪ್‌ಫ್ರೂಟ್ ರಸ ಕುಡಿದರೆ ರಕ್ತದಲ್ಲಿ ಔಷಧ ಮೂರುಪಟ್ಟಿಗೂ ಮೀರಿ ಏರುತ್ತದೆ. ಲೋವಾಸ್ಟಾಟಿನ್ ಕೂಡ ಇದೇ ಗುಂಪು. ಅಟೋರ್ವಾಸ್ಟಾಟಿನ್‌ಗೆ ಪೆಟ್ಟು ಕಡಿಮೆ, ಆದರೆ ಲೋಟಗಟ್ಟಲೆ ಕುಡಿದರೆ ಅದೂ ಸುರಕ್ಷಿತವಲ್ಲ. ಔಷಧ ಅತಿಯಾದಾಗ ಮಾಂಸಖಂಡಗಳೇ ಕರಗತೊಡಗಬಹುದು. ಮೈಕೈ ನೋವು ಬಂದರೆ ನಮ್ಮ ಜನ "ಬಸ್ಸಲ್ಲಿ ನಿಂತು ನಿಂತು ಹಿಂಗಾಯ್ತು" ಎಂದು ಅಮೃತಾಂಜನ ಹಚ್ಚಿ ಮಲಗುತ್ತಾರೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಕಿಡ್ನಿಗೇ ಸಂಚಕಾರ. ತಕ್ಷಣ ಆಸ್ಪತ್ರೆಗೆ ಓಡಬೇಕು.

ಎರಡನೆಯವರು ಬಿ.ಪಿ.ಯವರು. ಫೆಲೋಡಿಪಿನ್, ನಿಫೆಡಿಪಿನ್ ಅತಿಯಾದರೆ ಬಿ.ಪಿ. ಪಾತಾಳಕ್ಕಿಳಿದು ಕಣ್ಣು ಕತ್ತಲೆ ಬರುತ್ತದೆ. ಬಸ್ಸಿನ ಫುಟ್‌ಬೋರ್ಡಿನ ಮೇಲೆ ಅದಾದರೆ ಗತಿಯೇನು? ಹೆಚ್ಚು ಬಳಕೆಯ ಆಮ್ಲೋಡಿಪಿನ್ ಮೇಲೆ ಇದರ ಪ್ರಭಾವ ಸಾಮಾನ್ಯವಾಗಿ ಅಲ್ಪ. ಹಾಗಾಗಿ ಬಿ.ಪಿ. ಇರುವವರೆಲ್ಲ ಹೆದರಬೇಕಿಲ್ಲ. ತಮ್ಮ ಮಾತ್ರೆ ಯಾವುದು ಎಂದು ತಿಳಿದಿರಬೇಕು, ಅಷ್ಟೆ.

ಮೂರನೆಯವರು ಕಿಡ್ನಿ ಕಸಿ ಮಾಡಿಸಿಕೊಂಡವರು. ಅವರು ನುಂಗುವ ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಕೂದಲೆಳೆಯ ಲೆಕ್ಕದ ಔಷಧಗಳು. ಚಕ್ಕೋತದ ರಸ ಸೈಕ್ಲೋಸ್ಪೋರಿನ್ ಮಟ್ಟವನ್ನು ಏರಿಸುತ್ತದೆಂದು 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ನೇರವಾಗಿಯೇ ತೋರಿಸಿತು. ಎದೆಬಡಿತ ಹದ್ದಿನಲ್ಲಿಡುವ ಅಮಿಯೋಡರೋನ್ ನುಂಗುವವರೂ ಇದೇ ಸಾಲಿನಲ್ಲಿ ನಿಲ್ಲಬೇಕು.

2012ರ ಹೊತ್ತಿಗೆ ಬೈಲಿ ತಂಡದ ಪಟ್ಟಿಯಲ್ಲಿ ಗ್ರೇಪ್‌ಫ್ರೂಟ್ ಜೊತೆ ಸೆಣಸುವ ಔಷಧಗಳು 85ಕ್ಕೂ ಹೆಚ್ಚಿದ್ದವು. ಆ ಪೈಕಿ 43ರಲ್ಲಿ ಪರಿಣಾಮ ಗಂಭೀರ.

ಎಳನೀರಿನದು ಬೇರೆ ಕಥೆ

ಚಕ್ಕೋತ ಒಂದನ್ನೇ ಕಟಕಟೆಗೆ ಹತ್ತಿಸುವುದು ನ್ಯಾಯವಲ್ಲ. ಬಸ್ ಸ್ಟ್ಯಾಂಡಿನ ಎಳನೀರು, ಬಾಳೆಹಣ್ಣಿನ ಮಾತೂ ಸ್ವಲ್ಪ ಇದೆ. ಇವೆರಡರಲ್ಲೂ ಪೊಟ್ಯಾಸಿಯಂ ಧಾರಾಳ. ಒಂದು ದೊಡ್ಡ ಬಾಳೆಹಣ್ಣಿನಲ್ಲೇ 400 ಮಿಲಿಗ್ರಾಂ ಆಸುಪಾಸು. ಕಿಡ್ನಿ ಗಟ್ಟಿಯಿದ್ದವರಿಗೆ ಇದು ಒಳ್ಳೆಯದೇ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಆದರೆ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಲಾಪ್ರಿಲ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳು ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತವೆ. ಕಿಡ್ನಿಯೂ ಸೋತಿದ್ದು, ಇಂಥ ಮಾತ್ರೆಯೂ ನಡೆಯುತ್ತಿದ್ದು, "ಬಿಸಿಲು ಸ್ವಾಮಿ" ಎಂದು ದಿನಾ ಎರಡು ಮೂರು ಎಳನೀರು ಇಳಿಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಮುನ್ಸೂಚನೆಯೂ ಕೊಡದೆ ಹೋಗಬಹುದು.

ಇನ್ನು ಅಲರ್ಜಿಗೆ ಕೊಡುವ ಫೆಕ್ಸೊಫೆನಡಿನ್‌ನದು ಉಲ್ಟಾ ಲೆಕ್ಕ. ಕಿತ್ತಳೆ, ಸೇಬು, ಗ್ರೇಪ್‌ಫ್ರೂಟ್ ರಸದ ಜೊತೆ ನುಂಗಿದರೆ ಅದು ಸರಿಯಾಗಿ ರಕ್ತಕ್ಕೇ ಸೇರದು. ಕೊಟ್ಟ ಕಾಸು ದಂಡ, ಸೀನು ಹಾಗೇ. ಅದನ್ನು ನೀರಿನಲ್ಲೇ ನುಂಗಬೇಕು.

ಹಣ್ಣಿನವನದೇನು ತಪ್ಪು?

ಇಷ್ಟು ಓದಿ ಚಕ್ಕೋತದ ಗಾಡಿ ಕಂಡರೆ ಮಾರು ದೂರ ಓಡುವವರೂ ಇದ್ದಾರು. ಅದು ಬೇಡ. ಯಾವ ಮಾತ್ರೆಯೂ ಇಲ್ಲದ ಆರೋಗ್ಯವಂತನಿಗೆ ಚಕ್ಕೋತದಿಂದ ಈ ಅಪಾಯವಿಲ್ಲ. ಊರಿಗೆ ಹೆಸರು ತಂದ ಹಣ್ಣು, ನಾಲ್ಕು ಸಂಸಾರದ ಅನ್ನ. ಅದರ ಹೊಟ್ಟೆಗೆ ಹೊಡೆಯುವುದು ಯಾರಿಗೂ ಬೇಕಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. "ಹಣ್ಣು ಬಿಡೋಕಾಗಲ್ಲ, ಮಾತ್ರೇನೇ ಬಿಡ್ತೀನಿ" ಎನ್ನುವುದು! ಬಿ.ಪಿ. ಮಾತ್ರೆ ಬಿಟ್ಟು ಲಕ್ವ ಹೊಡೆಸಿಕೊಂಡರೆ ಯಾವ ಹಣ್ಣೂ ಕಾಪಾಡದು. ಚಕ್ಕೋತ ತಿನ್ನುವ ಆಸೆ ಬಿಡಲಾಗದಿದ್ದರೆ ಡಾಕ್ಟರಿಗೆ ಹೇಳಿ. ರೋಸುವಾಸ್ಟಾಟಿನ್‌ನಂಥ ಕೆಲವು ಮಾತ್ರೆಗಳಿಗೆ ಚಕ್ಕೋತದ ಕಾಟವಿಲ್ಲ. ಬದಲಿಸಬಹುದೇ ಎಂದು ಅವರೇ ನೋಡುತ್ತಾರೆ.

ಮಾಡಬೇಕಾದ್ದು ಇಷ್ಟೆ. ಮಾತ್ರೆಯ ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರಲ್ಲದೆ ಔಷಧದ ನಿಜವಾದ ಹೆಸರೂ ಇರುತ್ತದೆ. ಕನ್ನಡಕ ಹಾಕಿಕೊಂಡು ಅದನ್ನೇ ಓದಿ, ಇಲ್ಲವೇ ಓದಿಸಿ. ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, "ಇದರ ಜೊತೆ ಚಕ್ಕೋತ ತಿನ್ನಬಹುದಾ, ಎಳನೀರು ಕುಡಿಯಬಹುದಾ?" ಎಂದು ಬಾಯಿಬಿಟ್ಟು ಕೇಳಿ. ಗ್ರೇಪ್‌ಫ್ರೂಟ್ ಎಂದು ಕೇಳಿದರೆ ಉತ್ತರ ದ್ರಾಕ್ಷಿಯ ಕಡೆ ಹೋದೀತು. ಚಕ್ಕೋತ ಎಂದೇ ಕೇಳಿ. ಮೆಡಿಕಲ್ ಸ್ಟೋರಿನವರೂ ಚಿಲ್ಲರೆ ಎಣಿಸುವ ಹೊತ್ತಿನಲ್ಲಿ ಈ ಒಂದು ಮಾತು ತಾವಾಗಿಯೇ ಹೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಅಂಗಡಿಯಿಂದ ಅಂಗಡಿಗೆ ಹತ್ತು ಹೆಜ್ಜೆ. ಮಾತ್ರೆ ಒಂದರಲ್ಲಿ, ಹಣ್ಣು ಇನ್ನೊಂದರಲ್ಲಿ. ಎರಡಕ್ಕೂ ಗಿರಾಕಿ ಒಬ್ಬನೇ. ಎರಡೂ ಒಟ್ಟಿಗೆ ಸೇರುವುದು ಅವನ ಹೊಟ್ಟೆಯಲ್ಲೇ ಆದ್ದರಿಂದ, ಕೇಳುವ ಬಾಯಿಯೂ ಅವನದೇ ಆಗಬೇಕು.