ಹದಿನಾರು ಕೆರೆಯ ಅತಿಥಿಗಳು

ಮಧ್ಯ ಏಷ್ಯದ ಸರೋವರಗಳಲ್ಲಿ ಜನಿಸಿ, ಹಿಮಾಲಯದ ಶಿಖರಪಂಕ್ತಿಯನ್ನು ದಾಟಿ, ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು, ಪ್ರೇಕ್ಷಕರೇ, ಯಾರ ಅಪ್ಪಣೆಯನ್ನೂ ಕಾಯದೆ ಬಂದು ಹೋಗುವ ಅತಿಥಿಗಳು. ಅಂತಹ ನಾಲ್ಕು ಹಕ್ಕಿಗಳು, ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಖ್ಯಾತ ಚಿತ್ರನಟರೊಬ್ಬರಿಗೆ ಸೇರಿದ ತೋಟದ ಮನೆಯಲ್ಲಿ ಅರಣ್ಯಾಧಿಕಾರಿಗಳ ಕಣ್ಣಿಗೆ ಬಿದ್ದುದು 2023ರ ಜನವರಿಯಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ವಯ ಮೊಕದ್ದಮೆಯೂ ದಾಖಲಾಯಿತು.

ಆ ಮೊಕದ್ದಮೆಯ ಮಾತು ನ್ಯಾಯಾಲಯಕ್ಕಿರಲಿ. ಅಪೂರ್ವ ಜೀವಿಗಳನ್ನು ಕೂಡಿಡುವವನು ಸಾಮಾನ್ಯವಾಗಿ ಕ್ರೂರಿಯಲ್ಲ, ಕಾಳುಕಡಿಯನ್ನು ಧಾರಾಳವಾಗಿಯೇ ಚೆಲ್ಲುವವನು. ಆದರೂ, ಪರ್ವತಗಳನ್ನೇ ಲಂಘಿಸಬಲ್ಲ ರೆಕ್ಕೆಗೆ ಅಂಗಳವೊಂದನ್ನಷ್ಟೇ ಕೊಟ್ಟರೆ, ಹೊಟ್ಟೆ ತುಂಬಿದ್ದರೂ, ಅದು ಉಪೇಕ್ಷೆಯೆಂದೇ ನನ್ನ ಎಣಿಕೆ. ಒಂದು ಬಂದೊಡನೆ ಮತ್ತೊಂದನ್ನು ಬಯಸುವ ಈ ಸಂಗ್ರಹದಾಹವೇ ಕಳ್ಳಸಾಗಣೆಯ ಪೋಷಕ: ಅದೇ ವರ್ಷದ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದ ಪ್ರಯಾಣಿಕರೊಬ್ಬರ ಪೆಟ್ಟಿಗೆಯಲ್ಲಿ 234 ಜೀವಿಗಳು ತುರುಕಲ್ಪಟ್ಟಿದ್ದು, ಅವುಗಳೊಳಗಣ ಕಾಂಗರೂ ಮರಿಯೊಂದು ಉಸಿರುಗಟ್ಟಿ ಸತ್ತಿತ್ತು.

ಸಾಕುವ ಆಸೆಯುಳ್ಳವರಿಗೆ ಕಾನೂನಿನ ದಾರಿಯೊಂದುಂಟು: ವನ್ಯಜೀವಿ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶೀ ಪ್ರಾಣಿಗಳನ್ನು ಸಾಕುವವರು, 2024ರ ನಿಯಮಗಳಂತೆ, ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸತಕ್ಕದ್ದು. ನಮ್ಮ ಕೆರೆಗೆ ಬರುವ ಹೆಬ್ಬಾತಿನ ವಿಷಯದಲ್ಲಿ ಆ ದಾರಿಯೂ ಇಲ್ಲ. ಅದನ್ನು ಹಿಡಿದಿಡುವುದೇ ಅಪರಾಧ.