ಅಂಚೆಯಲ್ಲಿ ಬಂದ ಪಿಸ್ತೂಲು

ಮೇಜು, ಕಪಾಟು, ಮಕ್ಕಳ ಸೈಕಲ್ಲು ಮೊದಲಾದುವನ್ನು ಬಿಡಿಬಿಡಿಯಾಗಿ ಕೊಂಡು ತಂದು ಮನೆಯಲ್ಲೇ ಜೋಡಿಸಿಕೊಳ್ಳುವುದು ಅಮೆರಿಕದವರ ಹಳೆಯ ಅಭ್ಯಾಸ. ಕೂಲಿ ದುಬಾರಿಯಾದ ದೇಶದಲ್ಲಿ ಅದು ಸಹಜವೇ. ಆದರೆ ಪಿಸ್ತೂಲನ್ನೂ ಹೀಗೆಯೇ ಡಬ್ಬಿಯಲ್ಲಿ ತರಿಸಿಕೊಂಡು ಮನೆಯಲ್ಲಿ ಜೋಡಿಸುತ್ತಿದ್ದರೆಂದರೆ ನಮ್ಮಲ್ಲಿ ಅನೇಕರು ನಂಬಲಿಕ್ಕಿಲ್ಲ. ಹೊರನಾಡಿನ ಕನ್ನಡಿಗರ ಎಷ್ಟೋ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಆದ್ದರಿಂದ ಈ ಸಂಗತಿಯನ್ನು ನಾವೂ ಸ್ವಲ್ಪ ತಿಳಿದುಕೊಂಡಿರುವುದು ಒಳ್ಳೆಯದು.

ಅಮೆರಿಕದಲ್ಲಿ ಬಂದೂಕು ಕೊಳ್ಳುವುದು ಸುಲಭವೆಂಬುದು ಎಲ್ಲರಿಗೂ ಗೊತ್ತು. ಆದರೂ ಅಲ್ಲಿ ಒಂದು ಕಟ್ಟುಪಾಡಿದೆ. 1968ರ ಬಂದೂಕು ನಿಯಂತ್ರಣ ಕಾಯ್ದೆಯಂತೆ ಕಾರ್ಖಾನೆಯವರು ಪ್ರತಿಯೊಂದು ಬಂದೂಕಿಗೂ ಕ್ರಮಸಂಖ್ಯೆಯನ್ನು ಕೊರೆಯಬೇಕು. ಲೈಸೆನ್ಸು ಪಡೆದ ಅಂಗಡಿಯವರು ಕೊಂಡವರ ಹೆಸರು ಬರೆದಿಡಬೇಕು. 1993ರ ಬ್ರೇಡಿ ಕಾಯ್ದೆಯ ನಂತರ, ಕೊಳ್ಳುವವನ ಮೇಲೆ ಅಪರಾಧದ ದಾಖಲೆ ಇದೆಯೇ ಎಂದು ವಿಚಾರಿಸುವ ಕ್ರಮವೂ ಬಂತು. ಎಲ್ಲಾದರೂ ಕೊಲೆಯಾಗಿ ಬಂದೂಕು ಸಿಕ್ಕಿದರೆ ಪೊಲೀಸರು ಆ ಸಂಖ್ಯೆಯನ್ನು ಹಿಡಿದು ಕಾರ್ಖಾನೆ, ಅಲ್ಲಿಂದ ಅಂಗಡಿ, ಅಲ್ಲಿಂದ ಮೊದಲು ಕೊಂಡವನ ಮನೆಯವರೆಗೆ ಹೋಗಬಹುದು.

ಕಾನೂನಿನ ಕಿಂಡಿ

ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾಗಿತ್ತು. ಪಿಸ್ತೂಲಿನ ಹಲವು ಭಾಗಗಳಲ್ಲಿ, ಮಿಕ್ಕೆಲ್ಲವನ್ನೂ ಹಿಡಿದಿಡುವ ಚೌಕಟ್ಟು ಮಾತ್ರ ಕಾನೂನಿನ ಕಣ್ಣಿಗೆ 'ಬಂದೂಕು'. ನಳಿಗೆ, ಸ್ಪ್ರಿಂಗು ಮೊದಲಾದುವು ಬರಿಯ ಬಿಡಿಭಾಗಗಳು. ಕೆಲವು ಕಂಪನಿಗಳು ಈ ಚೌಕಟ್ಟನ್ನು ಪೂರ್ತಿ ಮುಗಿಸದೆ, ಸ್ವಲ್ಪ ಕೆಲಸ ಬಾಕಿ ಉಳಿಸಿ, ಮಿಕ್ಕ ಭಾಗಗಳೊಡನೆ ಮಾರತೊಡಗಿದವು. ಇದು ಬಂದೂಕಲ್ಲ, ಆದ್ದರಿಂದ ಸಂಖ್ಯೆ ಬೇಡ, ವಿಚಾರಣೆಯೂ ಬೇಡ ಎಂಬುದು ಅವರ ವಾದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯ!

ಹೀಗೆ ಹುಟ್ಟಿದ ಸಂಖ್ಯೆಯಿಲ್ಲದ ಬಂದೂಕಿಗೆ 'ಘೋಸ್ಟ್ ಗನ್', ಅಂದರೆ ದೆವ್ವದ ಬಂದೂಕು ಎಂದು ಹೆಸರಾಯಿತು. ಅಪರಾಧಗಳಲ್ಲಿ ಸಿಕ್ಕಿ, ಮೂಲ ಹುಡುಕಲೆಂದು ಪೊಲೀಸರು ಕೇಂದ್ರ ಸರ್ಕಾರಕ್ಕೆ ಕಳಿಸಿದ ಇಂಥವುಗಳ ಸಂಖ್ಯೆ 2017ರಲ್ಲಿ ಸುಮಾರು 1,600 ಇದ್ದದ್ದು 2021ರ ಹೊತ್ತಿಗೆ 19,000 ದಾಟಿತು. 2019ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾ ಊರಿನ ಶಾಲೆಯೊಂದರಲ್ಲಿ 16 ವರ್ಷದ ಹುಡುಗನೊಬ್ಬ ಗುಂಡು ಹಾರಿಸಿ ಇಬ್ಬರು ಸಹಪಾಠಿಗಳನ್ನು ಕೊಂದು ತಾನೂ ಸತ್ತ. ಅವನ ಕೈಯಲ್ಲಿದ್ದುದು ಬಿಡಿಭಾಗಗಳಿಂದ ಜೋಡಿಸಿದ ಪಿಸ್ತೂಲು.

ಕೈಯಲ್ಲೇ ಸಿಡಿದರೆ?

ಅಪರಾಧದ ಮಾತು ಹಾಗಿರಲಿ, ಜೋಡಿಸುವವನಿಗೇ ಇದು ಅಪಾಯ. ಮೇಜು ಸರಿಯಾಗಿ ಕೂಡದಿದ್ದರೆ ಅಲ್ಲಾಡೀತು, ಅಷ್ಟೆ. ಸಾಮಾನ್ಯ 9 ಮಿಲಿಮೀಟರ್ ಪಿಸ್ತೂಲಿನಲ್ಲಿ ಗುಂಡು ಹಾರುವ ಕ್ಷಣದಲ್ಲಿ ಒಳಗಿನ ಒತ್ತಡ ಕಾರಿನ ಟೈರಿನ ಒತ್ತಡದ ಸಾವಿರ ಪಟ್ಟಿನಷ್ಟಾಗುತ್ತದೆ. ಕೂಡಿಸುವುದರಲ್ಲಿ ಕೊಂಚ ಹೆಚ್ಚುಕಡಿಮೆಯಾದರೂ ಬೇಡದಾಗ ಗುಂಡು ಹಾರಬಹುದು, ಕೈಯಲ್ಲೇ ಸಿಡಿಯಬಹುದು. ಇದನ್ನರಿತೇ ಹಿಂದಿನವರು ಪರೀಕ್ಷೆಯ ಪದ್ಧತಿ ತಂದರು. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ ರಾಜಶಾಸನ ದೊರೆತದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ ಸ್ಥಾಪನೆಯಾದದ್ದು 1813ರಲ್ಲಿ. ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾಕಿ ಹಾರಿಸಿ, ತಡೆದುಕೊಂಡ ನಳಿಗೆಗೆ ಮಾತ್ರ ಮುದ್ರೆ ಒತ್ತುವುದು ಅಲ್ಲಿಯ ಕ್ರಮ. ಅಡಿಗೆಮನೆಯ ಮೇಜಿನ ಮೇಲೆ ಹುಟ್ಟಿದ ಪಿಸ್ತೂಲಿಗೆ ಈ ಮುದ್ರೆ ಎಲ್ಲಿಂದ ಬರಬೇಕು?

ಕೊನೆಗೆ 2022ರಲ್ಲಿ ಅಲ್ಲಿಯ ಸರ್ಕಾರ, ಸುಲಭವಾಗಿ ಜೋಡಿಸಬಹುದಾದ ಡಬ್ಬಿಯೂ ಬಂದೂಕೇ ಎಂದು ನಿಯಮ ಮಾಡಿತು. ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಈ ಡಬ್ಬಿಯನ್ನು ಅದುವರೆಗೆ ನೋಡಿಯೇ ಇರದವನೊಬ್ಬ ಪರೀಕ್ಷೆಯೊಂದರಲ್ಲಿ 21 ನಿಮಿಷದಲ್ಲಿ ಪಿಸ್ತೂಲು ಸಿದ್ಧಪಡಿಸಿದ್ದ ಸಂಗತಿ ತೀರ್ಪಿನಲ್ಲಿದೆ. ಬಿಡಿಯಾಗಿ ಬಂದ ಮೇಜನ್ನೂ ನಾವು ಮೇಜೆಂದೇ ಕರೆಯುವುದಿಲ್ಲವೇ ಎಂಬ ಧಾಟಿಯಲ್ಲಿ ನ್ಯಾಯಮೂರ್ತಿ ಗೋರ್ಸಚ್ ತರ್ಕಿಸಿದರು. 2025ರ ಮಾರ್ಚ್ 26ರಂದು 7-2 ಬಹುಮತದಿಂದ ನಿಯಮ ಊರ್ಜಿತವಾಯಿತು.

ನಮ್ಮಲ್ಲಿ ಹೇಗೆ?

ಅವರು ಇಷ್ಟು ವರ್ಷ ಜಗ್ಗಾಡಿದ ಪ್ರಶ್ನೆಗೆ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಮೊದಲೇ ಉತ್ತರ ಬರೆದಿಟ್ಟಿದೆ. ಅದರ ಪ್ರಕಾರ ಬಂದೂಕಿನ ಬಿಡಿಭಾಗವೂ ಬಂದೂಕೇ. ತಯಾರಿಸುವುದಕ್ಕಷ್ಟೇ ಅಲ್ಲ, ರಿಪೇರಿಗೂ ಲೈಸೆನ್ಸು ಬೇಕು. 2019ರ ತಿದ್ದುಪಡಿಯ ನಂತರ ಕಳ್ಳತನದಲ್ಲಿ ತಯಾರಿಸಿದವರಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ. ಅಮೆರಿಕದಿಂದ ಬರುವ ಹುಡುಗರು 'ಇದೊಂದು ಭಾಗ ತಾನೆ' ಎಂದು ಕುತೂಹಲಕ್ಕೆ ಪೆಟ್ಟಿಗೆಯಲ್ಲಿ ಏನನ್ನೂ ಇಟ್ಟುಕೊಳ್ಳದಿರಲಿ.

ನಮ್ಮ ಕೊಡವರಿಗೆ ಬ್ರಿಟಿಷರ ಕಾಲದಿಂದಲೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ. ಅಂದರೆ ಆ ಕೋವಿ ಯಾರದೆಂದು ಮನೆಗೂ ಗೊತ್ತು, ಊರಿಗೂ ಗೊತ್ತು. ಆಯುಧಕ್ಕೆ ಒಡೆಯನಿದ್ದಾಗ ಹೊಣೆಯೂ ಇರುತ್ತದೆ. ಡಬ್ಬಿಯ ಪಿಸ್ತೂಲಿಗೆ ಇಲ್ಲದ್ದು ಅದೇ.

ಮಕ್ಕಳು ಮೊಮ್ಮಕ್ಕಳು ಅಲ್ಲಿರುವ ಹಿರಿಯರು ಫೋನಿನಲ್ಲಿ ಊಟ ಆಯಿತೇ, ಚಳಿ ಇದೆಯೇ ಎಂದು ಕೇಳುವುದರ ಜೊತೆಗೆ, ಮೊಮ್ಮಗ ಆಡಲು ಹೋಗುವ ಮನೆಯಲ್ಲಿ ಬಂದೂಕಿದೆಯೇ, ಇದ್ದರೆ ಬೀಗದಲ್ಲಿದೆಯೇ ಎಂದು ವಿಚಾರಿಸಿಕೊಳ್ಳಲು ಹೇಳಿ. ಸಂಕೋಚಪಡುವ ಮಾತಲ್ಲ ಇದು.